ನೀರೆತ್ತುವುದರಿಂದ ಅನಿಲ ಹಿಡಿಯುವವರೆಗೆ

ದಾವಣಗೆರೆ, ಹರಿಹರದ ಸುತ್ತ ಪಂಪು ಅಂದರೆ ಮೊದಲು ನೆನಪಾಗುವುದು ತೋಟದ ಬೋರ್‌ವೆಲ್ ಮೋಟಾರು. ಎಷ್ಟು ಎಚ್‌ಪಿ, ಎಷ್ಟು ಇಂಚಿನ ಡೆಲಿವರಿ, ಎಷ್ಟು ಅಡಿ ಎತ್ತಬೇಕು ಎಂಬುದು ಗೊತ್ತಾದರೆ ವ್ಯಾಪಾರ ಮುಗಿಯಿತು. ಕಾರ್ಖಾನೆಗಳೂ ಬಹುಕಾಲ ಹೀಗೇ ಪಂಪು ಕೊಂಡವು. ತುಂಗಭದ್ರೆಯ ದಡಕ್ಕೆ ರಾಸಾಯನಿಕ ಕೈಗಾರಿಕೆ ಬಂದಾಗ ಆ ಲೆಕ್ಕ ಸಾಲದಾಯಿತು. ಒಳಗೆ ಹರಿಯುವುದೇನು, ಅದು ಲೋಹವನ್ನು ಏನು ಮಾಡುತ್ತದೆ, ಸೋರಿದರೆ ಯಾರಿಗೆ ತಾಗುತ್ತದೆ ಎಂದು ಕೇಳಬೇಕಾಯಿತು.

ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಕಿರ್ಲೋಸ್ಕರವಾಡಿ ಎಂಬ ಕಾರ್ಖಾನೆಯ ಊರು ಕಟ್ಟಿದರು. 1926ರಲ್ಲಿ ಅಲ್ಲಿಂದ ಸೆಂಟ್ರಿಫ್ಯೂಗಲ್ ಪಂಪು ಹೊರಬಂತು. ಅದೇ ಮನೆತನದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಹರಿಹರದಲ್ಲಿ ಶುರುವಾಯಿತು. ಇಲ್ಲಿ ತಯಾರಾದದ್ದು ಪಂಪಲ್ಲ, ಲೇತು. ಆದರೂ ಪಂಪಿನ ಚರಿತ್ರೆಯಲ್ಲಿ ಇದನ್ನು ಬಿಡುವಂತಿಲ್ಲ. ಸವೆದ ಶಾಫ್ಟಿಗೆ ಹೊಸ ಸ್ಲೀವ್ ಕೂರಿಸುವುದು, ಬೇರಿಂಗ್ ಮನೆಯನ್ನು ಅಳತೆಗೆ ತರುವುದು ಎಲ್ಲ ಲೇತಿನ ಮೇಲಿನ ಕೆಲಸ. ಊರಲ್ಲಿ ಒಳ್ಳೆಯ ಟರ್ನರ್ ಇದ್ದರೆ ಪಂಪಿನ ಆಯುಸ್ಸು ಹೆಚ್ಚುತ್ತದೆ.

ಆಗ ದಾವಣಗೆರೆ ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್. ನೂಲು ಹರಿಯದಂತೆ ಗಾಳಿಯಲ್ಲಿ ತೇವ ಉಳಿಸಲು ನೀರು ಸಿಂಪಡಿಸುವ ಪಂಪು, ದೊಡ್ಡ ಫ್ಯಾನು, ಬಾಯ್ಲರಿಗೆ ಫೀಡ್ ಪಂಪು ಸಾಕಾಗುತ್ತಿದ್ದವು. ಇವೆಲ್ಲ ನೀರಿನ ಕೆಲಸವೇ. ಗ್ಲ್ಯಾಂಡಿನಿಂದ ಹನಿ ಹನಿ ತೊಟ್ಟಿಕ್ಕಿದರೆ ಯಾರೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಪ್ಯಾಕಿಂಗ್ ತಣ್ಣಗಿರಲು ಆ ಹನಿ ಬೇಕೂ ಹೌದು.

ನಿಜವಾದ ಬದಲಾವಣೆ ಬಂದದ್ದು ಹೊಳೆಯಾಚೆ. ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ, ಈಗಿನ ಹಾವೇರಿ ಜಿಲ್ಲೆಯಲ್ಲಿ, ಗ್ರಾಸಿಮ್‌ನ ಹರಿಹರ ಪಾಲಿಫೈಬರ್ಸ್ 1972ರಲ್ಲಿ ನೀಲಗಿರಿ ಮರದಿಂದ ರೇಯಾನ್ ದರ್ಜೆಯ ತಿರುಳು ತೆಗೆಯತೊಡಗಿತು. 1977ರಲ್ಲಿ ಪಕ್ಕದಲ್ಲೇ ವಿಸ್ಕೋಸ್ ನಾರಿನ ಘಟಕ ಬಂತು. ಇಂಥ ಕಾರ್ಖಾನೆಯಲ್ಲಿ ಒಂದೇ ಜಾತಿಯ ಪಂಪು ನಡೆಯದು. ನಾರು ತುಂಬಿದ ತಿರುಳಿಗೆ ಅಗಲ ದಾರಿಯ, ತೆರೆದ ಇಂಪೆಲ್ಲರ್ ಬೇಕು. ಬ್ಲೀಚಿಂಗಿಗೆ ಕ್ಲೋರಿನ್ ಡೈಆಕ್ಸೈಡ್ ಬಳಸುವ ಕಡೆ ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲ್ ತಾಳುವುದಿಲ್ಲ, ಟೈಟಾನಿಯಂ ಬೇಕಾಗುತ್ತದೆ. ಗಂಧಕಾಮ್ಲದ ಬಿಸಿ ಸ್ಪಿನ್‌ಬಾತ್‌ಗೆ ರಬ್ಬರ್ ಲೈನಿಂಗ್ ಅಥವಾ ವಿಶೇಷ ಮಿಶ್ರಲೋಹ ಬೇಕು. ಜೇನಿನಂತೆ ಮಂದವಾದ ವಿಸ್ಕೋಸನ್ನು ಅಳೆದು ಕೊಡುವುದು ಪುಟ್ಟ ಗೇರ್ ಪಂಪಿನ ಕೆಲಸ. ಅದರ ಅಳತೆ ತಪ್ಪಿದರೆ ಎಳೆಯ ದಪ್ಪವೂ ತಪ್ಪುತ್ತದೆ.

ವಿಸ್ಕೋಸಿನಲ್ಲಿ ಗಾಳಿಗುಳ್ಳೆ ಉಳಿದರೆ ಎಳೆ ಅಲ್ಲೇ ತುಂಡಾಗುತ್ತದೆ. ಹಾಗಾಗಿ ನೂಲುವ ಮೊದಲು ಅದನ್ನು ನಿರ್ವಾತದಲ್ಲಿಟ್ಟು ಗಾಳಿ ಎಳೆಯಬೇಕು. ಇಂಥ ಒದ್ದೆ ಅನಿಲಕ್ಕೆ ಲಿಕ್ವಿಡ್ ರಿಂಗ್ ವ್ಯಾಕ್ಯೂಮ್ ಪಂಪು ಒಗ್ಗುತ್ತದೆ. ಒಳಗೆ ತಿರುಗುವ ನೀರಿನ ಬಳೆಯೇ ಪಿಸ್ಟನ್ನಿನ ಕೆಲಸ ಮಾಡುವುದರಿಂದ ಅನಿಲ ಹೆಚ್ಚು ಕಾಯುವುದಿಲ್ಲ. ಆದರೆ ಕ್ಯಾಟಲಾಗಿನ ಅಂಕಿಗಳು ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್ ನೀರಿಗೆ ಕೊಟ್ಟವು. ಆ ನೀರಿನ ಆವಿಯೊತ್ತಡ 17 ಮಿಲಿಬಾರ್; 35 ಡಿಗ್ರಿಯ ನೀರಿನದು 56. ನಮ್ಮ ಏಪ್ರಿಲ್ ಬಿಸಿಲಿಗೆ ಕಾದ ನೀರು ಕೊಟ್ಟು, ಕ್ಯಾಟಲಾಗಿನಲ್ಲಿರುವ ನಿರ್ವಾತ ಬರಲಿಲ್ಲವೆಂದು ಪಂಪನ್ನು ದೂರುವುದು ಅನ್ಯಾಯ.

ಎತ್ತರದ ಲೆಕ್ಕವನ್ನೂ ಇಲ್ಲಿ ಮರೆಯಬಾರದು. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಮಂಗಳೂರಿನ ದಡದಲ್ಲಿ ವಾತಾವರಣದ ಒತ್ತಡ 10.3 ಮೀಟರ್ ನೀರಿಗೆ ಸಮನಾದರೆ ಇಲ್ಲಿ 9.6. ಕಳೆದುಹೋದ ಸುಮಾರು ಮುಕ್ಕಾಲು ಮೀಟರ್ ತಣ್ಣೀರಿಗೆ ಅಷ್ಟೇನೂ ಅಲ್ಲ. 80 ಡಿಗ್ರಿಯ ನೀರಿಗೆ ಆವಿಯೊತ್ತಡವೇ ಐದು ಮೀಟರಿನಷ್ಟು ತಿಂದುಬಿಡುವಾಗ ಮಾತ್ರ ಅದು ದೊಡ್ಡದಾಗುತ್ತದೆ. ಸಕ್ಷನ್ನಿನಲ್ಲಿ ದ್ರವ ಕುದಿದು ಗುಳ್ಳೆ ಏಳುತ್ತದೆ, ಪಂಪಿನೊಳಗೆ ಜಲ್ಲಿ ಹಾಕಿದಂತೆ ಸದ್ದು ಬರುತ್ತದೆ, ಇಂಪೆಲ್ಲರ್ ತೂತು ತೂತಾಗುತ್ತದೆ. ಡಿಸ್ಚಾರ್ಜ್ ಹೆಡ್ಡಿಗಿಂತ ಮೊದಲು ಸಕ್ಷನ್ ಲೆಕ್ಕ ಹಾಕಬೇಕೆಂದು ನಾನು ಒತ್ತಾಯಿಸುವುದು ಇದಕ್ಕೇ.

ಅನಿಲ, ಆವಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ವಿಸ್ಕೋಸಿಗೆ ಬೇಕಾದ ಕಾರ್ಬನ್ ಡೈಸಲ್ಫೈಡಿಗೆ ಕಿಡಿಯೂ ಬೇಕಿಲ್ಲ. 90–100 ಡಿಗ್ರಿ ಬಿಸಿಯ ಉಗಿ ಕೊಳವೆ ತಾಗಿದರೂ ಹೊತ್ತಿಕೊಳ್ಳಬಹುದು. ಅದು ನೀರಿಗಿಂತ ಭಾರ, ಆದ್ದರಿಂದ ನೀರಿನ ಪದರದ ಕೆಳಗೇ ಶೇಖರಿಸುತ್ತಾರೆ. ಸಾಗಿಸುವಾಗಲೂ ನೀರಿನ ಇಲ್ಲವೇ ನೈಟ್ರೋಜನ್ನಿನ ಒತ್ತಡದಿಂದ ತಳ್ಳುತ್ತಾರೆ. ಪಂಪನ್ನೇ ಬಿಡುವುದು ಸರಿಯಾದ ಆಯ್ಕೆಯಾಗುವ ಜಾಗ ಇದು. ನೂಲುವಾಗ ಏಳುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ಪ್ರಮಾಣ ಏರಿದರೆ ಮೂಗನ್ನೇ ಮರಗಟ್ಟಿಸುತ್ತದೆ. ಅದನ್ನೆಳೆಯುವ ಫ್ಯಾನು ನಿಂತರೆ ಬದಲಿ ಫ್ಯಾನು ತಾನೇ ಶುರುವಾಗಬೇಕು.

ಈ ಎಚ್ಚರಕ್ಕೆ ಜನರ ಹೋರಾಟದ ಪಾಲೂ ಇದೆ. 1984ರಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರ ಮುಂದಾಳತ್ವದಲ್ಲಿ, ತುಂಗಭದ್ರೆಯ ಮಾಲಿನ್ಯ ಮತ್ತು ಸತ್ತ ಮೀನುಗಳ ಪ್ರಶ್ನೆಯನ್ನು ನ್ಯಾಯಾಲಯದವರೆಗೆ ಒಯ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಭೋಪಾಲ್ ದುರಂತ; 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ. ಹನಿ ಸೋರುವ ಗ್ಲ್ಯಾಂಡಿನ ಜಾಗಕ್ಕೆ ಮೆಕ್ಯಾನಿಕಲ್ ಸೀಲು, ಅಪಾಯದ ದ್ರವಕ್ಕೆ ಜೋಡಿ ಸೀಲು, ಶಾಫ್ಟ್ ಹೊರಗೇ ಬಾರದ ಮ್ಯಾಗ್ನೆಟಿಕ್ ಡ್ರೈವ್ ಪಂಪು ಎಂದು ಆಯ್ಕೆ ಮುಂದೆ ಸಾಗಿತು. ಮ್ಯಾಗ್ನೆಟಿಕ್ ಡ್ರೈವನ್ನು ಮಾತ್ರ ಖಾಲಿ ಓಡಿಸಬಾರದು, ದ್ರವವಿಲ್ಲದೆ ಅದರ ಬೇರಿಂಗ್ ಬೇಗ ಸುಟ್ಟುಹೋಗುತ್ತದೆ.

ಇತ್ತೀಚಿನ ಚರ್ಚೆ ಕರೆಂಟಿನದು. 55 ಕಿಲೋವ್ಯಾಟ್ ಎಳೆಯುವ ಪಂಪು ವರ್ಷಕ್ಕೆ 8,000 ಗಂಟೆ ಓಡಿದರೆ 4.4 ಲಕ್ಷ ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 30 ಲಕ್ಷ ದಾಟುತ್ತದೆ. ವೇಗವನ್ನು ಶೇಕಡ 80ಕ್ಕೆ ಇಳಿಸಿದರೆ ಶಕ್ತಿ ಅರ್ಧಕ್ಕಿಳಿಯುತ್ತದೆಂದು ಮೋಟಾರಿನ ವೇಗ ಬದಲಿಸುವ ಡ್ರೈವ್ ಮಾರುವವರು ಹೇಳುತ್ತಾರೆ. ಫ್ಯಾನಿಗೆ, ಸುತ್ತಿ ಬರುವ ಕೂಲಿಂಗ್ ನೀರಿಗೆ ಆ ಮಾತು ಬಹುಮಟ್ಟಿಗೆ ಸರಿ. ಹರಿಹರ ತಾಲ್ಲೂಕಿನ ರಾಜನಹಳ್ಳಿಯಿಂದ 22 ಕೆರೆಗಳಿಗೆ ನೀರೆತ್ತುವಂಥ ಕಡೆ ಹಾಗಲ್ಲ. ಎತ್ತರ ಬದಲಾಗದು, ವೇಗ ತೀರಾ ಇಳಿದರೆ ನೀರು ಮೇಲೇ ಹತ್ತದು. ಅಲ್ಲಿ ಉಳಿತಾಯ ಬರಬೇಕಾದದ್ದು ಒಳ್ಳೆಯ ದಕ್ಷತೆಯ ಪಂಪು ಮತ್ತು ಅಗಲವಾದ ಕೊಳವೆಯಿಂದ. ಟೆಂಡರಿನಲ್ಲಿ ಪಂಪಿನ ಬೆಲೆಯ ಜೊತೆ ಹತ್ತು ವರ್ಷದ ಕರೆಂಟ್ ಬಿಲ್ಲನ್ನೂ ಕೂಡಿಸಿ ಹೋಲಿಸಿದರೆ, ಅತಿ ಅಗ್ಗದ ದರ ಕೂಗಿದವರಿಗೇ ಕೆಲಸ ಕೊಡುವ ಪದ್ಧತಿ ಎಷ್ಟು ದುಬಾರಿಯೆಂದು ಅಂಕಿಯಲ್ಲೇ ಕಾಣುತ್ತದೆ.