ಹಟ್ಟಿಯ ಕುದುರೆ, ಕಾಡಂಚಿನ ಕೆರೆ

ಹಿಂಗಾರಿ ಜೋಳ ಕಿತ್ತು, ರಾಶಿ ಮನೆ ಸೇರಿ, ಎರೆಹೊಲ ಬಯಲಾಯಿತೆಂದರೆ ಉಪ್ಪಿನಬೆಟಗೇರಿಗೆ ಕುರುಬರ ಹಟ್ಟಿ ಬರುತ್ತಿತ್ತು. ಚಿಕ್ಕೋಡಿ, ರಾಯಬಾಗ, ಗೋಕಾಕ ಕಡೆಯವರು. ಗಂಡಸರು ಕುರಿ ಮೇಯಿಸುತ್ತ ಹಿಂದಿನಿಂದ ನಿಧಾನ ಬರುವರು. ಮೊದಲು ಊರು ಮುಟ್ಟುತ್ತಿದ್ದದ್ದು ಹೆಂಗಸರು, ಅವರ ಕೈಯಲ್ಲಿ ಕುದುರೆಗಳ ಹಗ್ಗ.

ಆ ಕುದುರೆಗಳು ಗಿಡ್ಡ, ಗಟ್ಟಿ ಗೊರಸಿನವು. ಬೆನ್ನಿಗೆ ಮೊದಲು ಹಳೇ ಕಂಬಳಿಯ ಮಡಿಕೆ, ಅದರ ಮೇಲೆ ಎರಡೂ ಮಗ್ಗುಲಿಗೆ ಇಳಿಬಿಟ್ಟ ಗೋಣಿಚೀಲ. ಒಂದರಲ್ಲಿ ಜೋಳ, ಇನ್ನೊಂದರಲ್ಲಿ ಹಂಚು, ಗಡಿಗೆ, ಬೀಸುವ ಕಲ್ಲು. ಮೇಲೆ ಕೌದಿ, ಬಲೆ, ಬಿಡಾರದ ಕೋಲು. ಎಲ್ಲಕ್ಕೂ ಮೇಲೆ ಆ ವಾರ ಹುಟ್ಟಿದ ಮರಿಗಳು, ಚೀಲದಿಂದ ಕತ್ತು ಮಾತ್ರ ಹೊರಗೆ. ಹೊಟ್ಟೆಯಡಿಯಿಂದ ಹಗ್ಗ ಬಿಗಿದ ಮೇಲೆ ಹೇರಿದವಳು ಒಂದು ಸುತ್ತು ಬರುವಳು. ಆ ಮಗ್ಗುಲು ಒಮ್ಮೆ, ಈ ಮಗ್ಗುಲು ಒಮ್ಮೆ ಅಂಗೈಯಿಂದ ಒತ್ತಿ ತೂಕ ನೋಡುವಳು. ಒಂದು ಕಡೆ ಜಗ್ಗಿದರೂ ಸಂಜೆಯೊಳಗೆ ಕುದುರೆಯ ಬೆನ್ನು ಹುಣ್ಣು. ಬೆನ್ನು ಹುಣ್ಣಾದರೆ ಹಟ್ಟಿ ಮುಂದೆ ಸಾಗುವಂತಿಲ್ಲ.

"ಮನಿಮಾರು ಬಿಟ್ಟು ಹೆಂಗ ತಿರಗತೀರಿ?" ಎಂದು ನಮ್ಮವ್ವ ಕೇಳಿದಾಗ ಕುದುರೆ ಹೇರುತ್ತಿದ್ದವಳೊಬ್ಬಳು, "ಕುದರಿ ನಿಂತಲ್ಲೇ ನಮ್ಮ ಮನಿ, ಯಕ್ಕಾ," ಎಂದಳು. ಗೊಬ್ಬರಕ್ಕಾಗಿ ಹೊಲದಲ್ಲಿ ಒಂದು ರಾತ್ರಿ ಕುರಿ ನಿಲ್ಲಿಸಿದರೆ ಇಷ್ಟು ಜೋಳ ಎಂದು ಅಪ್ಪ ಮಾತಾಡುವರು. ಬಲೆಯೊಳಗೆ ಕುರಿ, ಸುತ್ತ ನಾಯಿ, ಮುಂಗಾಲು ಹಗ್ಗದಲ್ಲಿ ಕಟ್ಟಿಸಿಕೊಂಡು ಕಣಿಕೆ ಹುಡುಕುತ್ತ ಅಲ್ಲಲ್ಲೇ ಹೆಜ್ಜೆ ಹಾಕುವ ಕುದುರೆ. ಕುರಿ ನಿಂತ ಹೊಲದ ಬೆಳೆ ಮುಂದಿನ ವರ್ಷ ದೂರದಿಂದಲೇ ಗುರುತು ಸಿಗುತ್ತಿತ್ತು.

ಚರಿತ್ರೆಯ ಪುಸ್ತಕಗಳಲ್ಲಿ ಈ ಕುದುರೆ ಇಲ್ಲ. ಅಲ್ಲಿರುವುದು ದಂಡಿನ ಕುದುರೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಕುದುರೆಯೇರಿ ಚೆಂಡಾಡುವ ರಾಜವಿನೋದವಿದೆ. ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ ನೂನಿಜ್ ಬರೆದದ್ದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ: ಅಲ್ಲಿಯ ಹಿಂದಿನ ಅರಸ ಸಾಳುವ ನರಸಿಂಹ ಹಡಗಿನಲ್ಲಿ ಬರುವ ಕುದುರೆಗಳನ್ನು ಸಾವಿರ ಪರ್ದಾವ್ ನಾಣ್ಯಕ್ಕೆ ಮೂರರಂತೆ ಕೊಳ್ಳುತ್ತಿದ್ದ. ಸಮುದ್ರದಲ್ಲೇ ಸತ್ತದ್ದರ ಬಾಲ ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದ. ಅಷ್ಟು ಹಣ ಸುರಿದು ತಂದ ಅರಬ್ಬಿ ಕುದುರೆಗಳಿಗೆ ನಮ್ಮ ಹವೆ, ಮೇವು ಒಗ್ಗುವುದು ಕಷ್ಟವಾಗಿತ್ತು. ಒಗ್ಗಿದ್ದು ಇಲ್ಲಿಯ ಬೆರಕೆ. ಭೀಮಾ ನದಿಯ ಸೀಮೆಯಲ್ಲಿ ಅರಬ್ಬಿ ರಕ್ತಕ್ಕೆ ನಾಡಕುದುರೆ ಕೂಡಿ ಬಂದ ಭೀಮಥಡಿ ಮರಾಠರ ರಾವುತರನ್ನು ಹೊತ್ತು ತಿರುಗಿತು.

ಆ ಕಾಲದ ದೊಡ್ಡ ಓಟವೊಂದು ನಡೆದದ್ದು ನಮ್ಮ ಸುತ್ತಲೇ. 1800ರ ಮಳೆಗಾಲದಲ್ಲಿ ಬ್ರಿಟಿಷರಿಗೆ ತಿರುಗಿಬಿದ್ದ ಧೋಂಡಿಯಾ ವಾಘ್‌ನ ಸವಾರರನ್ನು ಅವರ ಸೇನಾನಿ ಆರ್ಥರ್ ವೆಲ್ಲೆಸ್ಲಿ ಈ ಸೀಮೆಯಲ್ಲಿ ಅಟ್ಟಿಸಿಕೊಂಡು ಹೋದ. ಜುಲೈ 30ರಂದು ಮುನವಳ್ಳಿಯ ಬಳಿ ಮಲಪ್ರಭೆಯ ದಂಡೆಯಲ್ಲಿದ್ದ ಬಿಡಾರದ ಮೇಲೆ ಬಿದ್ದಾಗ ಮಂದಿ, ಕುದುರೆ, ಒಂಟೆ ಎಲ್ಲ ತುಂಬಿದ ಹೊಳೆಗೆ ನುಗ್ಗಿದವು. ಸೆಪ್ಟೆಂಬರ್ 10ರಂದು ಧೋಂಡಿಯಾ ಸತ್ತ. 1818ರಲ್ಲಿ ಪೇಶ್ವೆಯ ರಾಜ್ಯವೂ ಹೋಯಿತು, ಸವಾರರ ಪಡೆಗಳು ಚದುರಿದವು.

ಆಮೇಲೆ ಸಣ್ಣ ಕುದುರೆಯನ್ನು ಸಾಕಿದವರು ಯಾರು? ಮಹಾರಾಷ್ಟ್ರದ ಕುರಿಗಾಹಿ ಧನಗರರು, ನಮ್ಮ ಕುರುಬರು. ಜಹಗೀರಿಲ್ಲ, ಲಾಯವಿಲ್ಲ, ಹುರುಳಿಯ ಖರ್ಚಿಗೆ ಸರದಾರನಿಲ್ಲ. ಹೊಲದ ಕೂಳೆ, ಕಾಡಿನ ಹುಲ್ಲು ತಿನ್ನಿಸಿ, ಮರಿ ಹಾಕಿಸಿ, ಅವರು ಅದನ್ನು ಉಳಿಸಿದರು. ಇತ್ತೀಚೆಗೆ ಭೀಮಥಡಿಗೆ ದೇಶದ ಸ್ವತಂತ್ರ ತಳಿಯೆಂದು ಮಾನ್ಯತೆ ಸಿಕ್ಕಿತು. ಆ ಮಾನ್ಯತೆ ಸಲ್ಲಬೇಕಾದದ್ದು ಕುರಿ ಕಾಯುವವರಿಗೆ ಎಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಅವರು ನಡೆದುಕೊಳ್ಳುವ ಮೈಲಾರಲಿಂಗನೂ ಕುದುರೆಯೇರಿದ ದೇವರು.

ನಮ್ಮ ಹೊಲದಿಂದ ಹಟ್ಟಿ ಪಡುವಣಕ್ಕೆ ತಿರುಗುತ್ತಿತ್ತು: ಗರಗ, ಅಳ್ನಾವರ, ಹಳಿಯಾಳದ ಕಾಡಂಚು. ಬೇಸಿಗೆಯಲ್ಲಿ ನಮ್ಮ ಕಡೆ ನೀರು ಹಿಂಗಿದಾಗಲೂ ಅಲ್ಲಿಯ ಕೆರೆಗಳಲ್ಲಿ ನೀರಿರುತ್ತಿತ್ತು, ಅಡ್ಡಮಳೆ ಬಿದ್ದರೆ ಹುಲ್ಲು ಚಿಗುರುತ್ತಿತ್ತು. ಅರವತ್ತರ ದಶಕದಲ್ಲಿ ಅಪ್ಪನ ಜೊತೆ ಬಿದಿರು ತರಲು ಚಕ್ಕಡಿಯಲ್ಲಿ ಅಳ್ನಾವರಕ್ಕೆ ಹೋದಾಗ ಹುಲಿಕೇರಿ ಕೆರೆಯ ಮೇಲ್ದಂಡೆಯಲ್ಲಿ ಅದೇ ಹಟ್ಟಿ ಕಂಡಿತು. ಹಿಂದೆ ಸಾಗವಾನಿ, ಮತ್ತಿ ಮರಗಳ ಕಾಡು. ನಮ್ಮನ್ನು ಕೂರಿಸಿ ರೊಟ್ಟಿ, ಕುರಿಹಾಲಿನ ಚಹಾ ಕೊಟ್ಟರು. ರಾತ್ರಿ ನಾಯಿಗಿಂತ ಮೊದಲು ಕುದುರೆಗೆ ಚಿರತೆಯ ಸುಳಿವು ಹತ್ತುತ್ತದೆ, ಅದು ಮೂಗರಳಿಸಿ ಕಿವಿ ನೆಟ್ಟಗೆ ಮಾಡಿದ ದಿಕ್ಕಿಗೆ ನಾವು ಬೆಂಕಿ ಹಾಕುತ್ತೇವೆ ಎಂದು ಹಟ್ಟಿಯ ಹಿರಿಯ ಹೇಳಿದ. ಮಿರ್ಗದ ಮಳೆ ಹಿಡಿಯುವ ಮೊದಲು ಅವರು ಮೂಡಣಕ್ಕೆ ಮರಳಬೇಕು. ಡೆಕ್ಕನಿ ಕುರಿ ಮಲೆನಾಡ ಮಳೆಯಲ್ಲಿ ನಿಂತರೆ ಗೊರಸು ಕೊಳೆಯುತ್ತದೆ.

ಆ ದಾರಿಗೆ ಅಡ್ಡಿ ಬರತೊಡಗಿ ಬಹಳ ಕಾಲವಾಯಿತು. 1862ರಲ್ಲಿ ಹಳಿಯಾಳವಿರುವ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು, 1878ರ ಅರಣ್ಯ ಕಾಯ್ದೆ ಕಾಡನ್ನು ಕಾದಿಟ್ಟ ಕಾಡಾಗಿಸಿತು. 1956ರಲ್ಲಿ ದಾಂಡೇಲಿ ವನ್ಯಧಾಮ, ಮುಂದೆ ಹುಲಿ ಸಂರಕ್ಷಿತ ಪ್ರದೇಶ. ಹುಲಿಗೆ ಕಾಡು ಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಹಟ್ಟಿ ನಿಲ್ಲುತ್ತಿದ್ದದ್ದು ಅಂಚಿನ ಕೆರೆಗಳಲ್ಲಿ, ನಡುಗಾಡಿನಲ್ಲಲ್ಲ. ಈಗ ಅಂಚಿನಲ್ಲಿ ಕಬ್ಬು, ತಂತಿಬೇಲಿ. ಎಷ್ಟೋ ಹಟ್ಟಿಗಳು ಕುದುರೆ ಮಾರಿ ಟೆಂಪೊ ಹಿಡಿದಿವೆ. ಟೆಂಪೊ ಡಾಂಬರು ರಸ್ತೆ ಇದ್ದಲ್ಲಿಗಷ್ಟೇ ಹೋಗುತ್ತದೆ, ಕೆರೆಯ ದಾರಿ ಅದಕ್ಕಿಲ್ಲ.

2025ರಲ್ಲಿ ನಮ್ಮ ವಿಧಾನಮಂಡಲ ವಲಸೆ ಕುರಿಗಾಹಿಗಳ ರಕ್ಷಣೆಗೆ ಮಸೂದೆಯೊಂದನ್ನು ಒಪ್ಪಿತು. ಅದೇ ವರ್ಷ ಕಾಡಿನಲ್ಲಿ ಸಾಕುಪ್ರಾಣಿ ಮೇಯಿಸುವುದನ್ನು ತಡೆಯಲು ಅರಣ್ಯ ಸಚಿವರ ಸೂಚನೆಯೂ ಹೊರಟಿತು. 2006ರ ಅರಣ್ಯ ಹಕ್ಕು ಕಾಯ್ದೆಯಾದರೋ ಅಲೆಮಾರಿ ಪಶುಪಾಲಕರ ಋತುಮಾನದ ಮೇವಿನ ಹಕ್ಕನ್ನು ಹೆಸರಿಟ್ಟು ಹೇಳುತ್ತದೆ. ಅದರ ನಿಯಮಗಳ ಪ್ರಕಾರ ಹಕ್ಕು ಕೇಳುವವರನ್ನು ಬಿಟ್ಟು ಬೇರೆ ಹಿರಿಯರು ಕೊಟ್ಟ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ನಾನು ಕುರುಬನಲ್ಲ, ಎಪ್ಪತ್ತು ದಾಟಿದ ಒಕ್ಕಲಿಗ. ಅವರು ಯಾವ ಹೊಲ ದಾಟಿ, ಯಾವ ಹಳ್ಳದ ಗುಂಟ, ಯಾವ ಕೆರೆಗೆ ಕುದುರೆ ಹೊಡೆದುಕೊಂಡು ಹೋಗುತ್ತಿದ್ದರೆಂದು ಕಣ್ಣಾರೆ ಕಂಡಿದ್ದೇನೆ. ಗ್ರಾಮಸಭೆ ಕರೆದರೆ ಬಂದು ಹೇಳುತ್ತೇನೆ, ಸಹಿಯನ್ನೂ ಹಾಕುತ್ತೇನೆ.