ಹದ ಬಂದ ಹೊಗೆಯ ಕತೆ

ಹುಬ್ಬಳ್ಳಿಯ ಬೆಂಗೇರಿ ಎಂದೊಡನೆ ಜನರಿಗೆ ನೆನಪಾಗುವುದು ರಾಷ್ಟ್ರಧ್ವಜ. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಧ್ವಜ ತಯಾರಿಕಾ ಕೇಂದ್ರ ಇರುವುದು ಅಲ್ಲಿಯೇ. ಬಾಗಲಕೋಟೆ ಕಡೆಯ ಕೇಂದ್ರಗಳಲ್ಲಿ ನೇಯ್ದ ಖಾದಿ ಇಲ್ಲಿ ಕೇಸರಿ, ಹಸಿರು ಬಣ್ಣಗಳನ್ನು ಪಡೆಯುತ್ತದೆ. ಬಟ್ಟೆ ಬಣ್ಣದಲ್ಲಿ ಎಷ್ಟು ಹೊತ್ತು ಇರಬೇಕು ಎಂಬುದು ಅಂದಾಜಿನ ಮಾತಲ್ಲ. ಧ್ವಜಕ್ಕೆ 1951ರಲ್ಲಿಯೇ ಸರ್ಕಾರಿ ಮಾನಕ ರೂಪುಗೊಂಡಿತು. ದೇಶದ ಮಾನಕಗಳ ಪಟ್ಟಿಯಲ್ಲಿ ಅದರದೇ ಒಂದನೆಯ ಸಂಖ್ಯೆ. ಬಿಸಿಲಿಗೆ, ನೀರಿಗೆ ಬಣ್ಣ ನಿಲ್ಲುತ್ತದೆಯೇ ಎಂಬ ಪರೀಕ್ಷೆಯಲ್ಲಿ ಗೆಲ್ಲದ ಬಟ್ಟೆ ಧ್ವಜವಾಗುವುದಿಲ್ಲ.

ನೆನೆಸುವುದು, ಇಡುವುದು, ಕಾಯುವುದು ಎಲ್ಲ ಮನೆಗಳಿಗೂ ಗೊತ್ತಿರುವ ವಿದ್ಯೆ. ಮಾವಿನ ಉಪ್ಪಿನಕಾಯಿ ಹಾಕಿದ ಮರುದಿನವೇ ಜಾಡಿ ತೆರೆದರೆ ಅಜ್ಜಿ ಗದರುತ್ತಾಳೆ. ಉಪ್ಪು ಹೋಳಿನ ನೀರನ್ನು ಹೊರಗೆಳೆಯಬೇಕು, ಖಾರ ಒಳಗಿಳಿಯಬೇಕು, ಕಾಯಿ ಕಳಿಯಬೇಕು. ಆಯುರ್ವೇದದ ಪಂಡಿತರು ಚೂರ್ಣಕ್ಕೆ ರಸ ಉಣಿಸಿ ಒಣಗಿಸುವ ಕ್ರಮವನ್ನು ‘ಭಾವನೆ’ ಎನ್ನುತ್ತಾರೆ. ಹಳೆಯ ಗಂಧಶಾಸ್ತ್ರದಲ್ಲಿಯೂ ಅದೇ ಹೆಸರಿನ ಸಂಸ್ಕಾರವಿದೆ. ಕಾಲವೂ ಒಂದು ಮಸಾಲೆ ಎಂಬ ನಂಬಿಕೆ ಇಲ್ಲಿ ಬಹಳ ಹಳೆಯದು.

ಇದೇ ನಂಬಿಕೆ ಈಚೆಗೆ ಹೊಸದೊಂದು ಸೀಸೆಯನ್ನು ಹೊಕ್ಕಿದೆ. ಚೀನಾದ ಹೊನ್ ಲಿಕ್ ಎಂಬಾತ 2003ರಲ್ಲಿ ರೂಪಿಸಿದ ವಿದ್ಯುತ್ ಸಿಗರೇಟಿನಲ್ಲಿ ಎಲೆ ಇಲ್ಲ, ಬೆಂಕಿ ಇಲ್ಲ. ಪ್ರೊಪಿಲಿನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್ ಮತ್ತು ಪರಿಮಳದ ಸತ್ತ್ವ ಸೇರಿದ ದ್ರವವನ್ನು ಪುಟ್ಟ ಸುರುಳಿಯೊಂದು ಕಾಯಿಸುತ್ತದೆ. ಏಳುವ ಮಂಜನ್ನು ಒಳಗೆಳೆದುಕೊಳ್ಳುತ್ತಾರೆ. ಈ ದ್ರವವನ್ನು ಮನೆಯಲ್ಲಿಯೇ ಬೆರೆಸುವವರು ಲೋಕದಲ್ಲೆಲ್ಲ ಇದ್ದಾರೆ. ಬೆರೆಸಿದ ಸೀಸೆಯನ್ನು ಕತ್ತಲೆಯ ಕಪಾಟಿನಲ್ಲಿ ವಾರಗಟ್ಟಲೆ ಇಟ್ಟರೆ ರುಚಿ ಹದಕ್ಕೆ ಬರುತ್ತದೆಂದು ಅವರ ವಾದ. ಹಣ್ಣಿನ ಪರಿಮಳಕ್ಕೆ ಒಂದೆರಡು ದಿನ ಸಾಕಂತೆ. ವೆನಿಲಾಕ್ಕೆ, ಕೆನೆಗೆ ತಿಂಗಳೇ ಬೇಕಂತೆ. ಈ ಮಾತಿನಲ್ಲಿ ನಿಜವೆಷ್ಟು? ಉತ್ತರ ಹುಡುಕಲು ಸೀಸೆಗಿಂತ ಮೊದಲು ಎಲೆಯನ್ನು ನೋಡಬೇಕು. ಆ ಎಲೆಯ ಕತೆಗೆ ಬಿಜಾಪುರದ ನಂಟಿದೆ.

ಮೊಗಲ್ ಚಕ್ರವರ್ತಿ ಅಕ್ಬರನ ರಾಯಭಾರಿ ಅಸದ್ ಬೇಗ್ ಬಿಜಾಪುರಕ್ಕೆ ಬಂದಾಗ ಅಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹಿಯ ಆಳ್ವಿಕೆ. ಸುಲ್ತಾನನ ಮಗಳನ್ನು ರಾಜಕುಮಾರ ದಾನಿಯಾಲನಿಗೆ ತಂದುಕೊಳ್ಳುವ ಮಾತುಕತೆ ನಡೆದಿತ್ತು. ಬಿಜಾಪುರದಲ್ಲಿ ಅಸದ್ ಬೇಗ್ ತಾನೆಂದೂ ಕಾಣದಿದ್ದ ವಸ್ತುವೊಂದನ್ನು ಕಂಡ. ಅದು ಹೊಗೆಸೊಪ್ಪು. ಪೋರ್ಚುಗೀಸರು ಅಮೆರಿಕದಿಂದ ತಂದ ಆ ಸೊಪ್ಪು ಗೋವೆಯ ಬೆನ್ನಿಗಿದ್ದ ದಖನ್ನಿನಲ್ಲಿ ಉತ್ತರಕ್ಕಿಂತ ಮೊದಲೇ ಬೇರೂರಿತ್ತು. ಆತ ಸೊಪ್ಪನ್ನು ಕೊಂಡು, ರತ್ನ ಕೂರಿಸಿದ ಕೊಳವೆಯನ್ನೂ ಮಾಡಿಸಿ, ಆದಿಲಶಾಹಿ ಕೊಟ್ಟಿದ್ದ ಎಲೆಯಡಿಕೆಯ ಚೀಲದಲ್ಲಿ ಸೊಪ್ಪು ತುಂಬಿಕೊಂಡು 1604ರ ಸುಮಾರಿಗೆ ಆಗ್ರಾ ಸೇರಿದ.

ಮುಂದೆ ದರ್ಬಾರಿನಲ್ಲಿ ನಡೆದುದನ್ನು ಅವನೇ ಬರೆದಿಟ್ಟಿದ್ದಾನೆ. ಅಕ್ಬರ್ ಕುತೂಹಲದಿಂದ ಒಂದೆರಡು ದಮ್ಮು ಎಳೆದ. ವೈದ್ಯ ತಡೆದ. ಈ ಔಷಧಿಯ ಬಗ್ಗೆ ತಮ್ಮ ಶಾಸ್ತ್ರಗಳಲ್ಲಿ ಒಂದು ಸಾಲೂ ಇಲ್ಲ, ಪರೀಕ್ಷೆಯಾಗದ ವಸ್ತುವಿನ ಗುಣವನ್ನು ಹೇಗೆ ಹೇಳಲಿ ಎಂಬುದು ವೈದ್ಯನ ವಾದ. ಲೋಕದ ಪ್ರತಿಯೊಂದು ಪದ್ಧತಿಯೂ ಒಂದಾನೊಂದು ಕಾಲಕ್ಕೆ ಹೊಸದೇ ಆಗಿತ್ತಲ್ಲವೇ ಎಂದು ಅಸದ್ ಬೇಗ್ ಪ್ರತಿವಾದ ಹೂಡಿದ. ಅಸದ್ ಬೇಗ್ ಜಾಣ. ಅಕ್ಬರನಿಗೂ ಅವನ ಮಾತು ಹಿಡಿಸಿತು. ಆದರೆ ಚಕ್ರವರ್ತಿ ಆ ಚಟಕ್ಕೆ ಬೀಳಲಿಲ್ಲ. ಬಿದ್ದವರು ಆಸ್ಥಾನದ ಸರದಾರರು. ವ್ಯಾಪಾರಿಗಳು ಸೊಪ್ಪು ತರಿಸತೊಡಗಿದರು. 1617ರಲ್ಲಿ ಜಹಾಂಗೀರ್ ಧೂಮಪಾನವನ್ನು ನಿಷೇಧಿಸಿದರೂ ಆ ಹೊತ್ತಿಗೆ ಹೊಗೆ ಕೈಮೀರಿ ಹರಡಿತ್ತು.

ಹೊಗೆಯನ್ನು ನೀರಿನಲ್ಲಿ ಹಾಯಿಸಿ ಶುದ್ಧಮಾಡುವ ಹುಕ್ಕಾವನ್ನು ಕಂಡುಹಿಡಿದವನು ಅಕ್ಬರನ ವೈದ್ಯ ಅಬುಲ್ ಫತ್ ಗಿಲಾನಿ ಎಂದು ಇಂದಿಗೂ ಹೇಳುವುದುಂಟು. ಆತ ತೀರಿಕೊಂಡದ್ದು 1589ರಲ್ಲಿ, ಅಸದ್ ಬೇಗನ ಚೀಲ ಆಗ್ರಾಕ್ಕೆ ಬರುವ ಹದಿನೈದು ವರ್ಷ ಮೊದಲು. ದಂತಕತೆಗೆ ಪಂಚಾಂಗದ ಹಂಗಿಲ್ಲ. ನೀರು ಹೊಗೆಯ ಬಿಸಿಯನ್ನು ಇಳಿಸುತ್ತದೆ, ಗಂಟಲಿಗೆ ಹಿತ ಮಾಡುತ್ತದೆ, ವಿಷವನ್ನು ಸೋಸುವುದಿಲ್ಲ. ಹಿತವಾದದ್ದೆಲ್ಲ ಹಾನಿಯಿಲ್ಲದ್ದು ಎಂಬ ತಪ್ಪೆಣಿಕೆ ಅಲ್ಲಿಂದಲೇ ಹೊಗೆಯ ಜೊತೆಗೆ ನಡೆದುಬಂದಿದೆ.

ಹುಕ್ಕಾ ಕನ್ನಡಕ್ಕೆ ಬಂದು ಗುಡುಗುಡಿಯಾಯಿತು. ಹುಬ್ಬಳ್ಳಿಗೆ ದೂರವಲ್ಲದ ಶಿಶುನಾಳದ ಷರೀಫರು (1819–1889) ಅದನ್ನೇ ತತ್ತ್ವಪದಕ್ಕೆ ವಸ್ತುವಾಗಿಸಿಕೊಂಡರೆಂದರೆ ಅದು ಎಷ್ಟು ಮನೆಮಾತಾಗಿತ್ತೆಂದು ಊಹಿಸಬಹುದು. ಗುಡುಗುಡಿಗೆ ಬೇಕಾದ ಸೊಪ್ಪು ಬರೀ ಒಣಸೊಪ್ಪಲ್ಲ. ಬೆಲ್ಲದ ಕಾಕಂಬಿಯಲ್ಲಿ ಕಲಸಿದರೆ ಗುಡಾಕು. ಇನ್ನೂ ಶೋಕಿ ಬೇಕೆಂದವರಿಗೆ ಖಮೀರಾ: ಹಣ್ಣು, ಸಾಂಬಾರ ಪದಾರ್ಥ ಬೆರೆಸಿದ ಸೊಪ್ಪನ್ನು ಗಡಿಗೆಯಲ್ಲಿ ತುಂಬಿ, ನೆಲದಲ್ಲಿ ಹೂತು, ತಿಂಗಳುಗಟ್ಟಲೆ ಹುಳಿಯಲು ಬಿಡುತ್ತಿದ್ದರು. ಇಂದಿನ ಕಪಾಟಿನ ಸೀಸೆಗೆ ಪೂರ್ವಜನಿದ್ದರೆ ಅದು ಈ ಹೂತ ಗಡಿಗೆಯೇ.

ಗಡಿಗೆಯೊಳಗೆ ಆಗುತ್ತಿದ್ದುದೇನು ಎಂಬುದನ್ನು ತಿಳಿಯಲು ನಿಪ್ಪಾಣಿಗೆ ಹೋಗಬಹುದು. ಬೆಳಗಾವಿ ಜಿಲ್ಲೆಯ ಆ ಕಪ್ಪುನೆಲದಲ್ಲಿ ಬೆಳೆಯುವುದು ಬೀಡಿ ತಂಬಾಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೂ ಅಲ್ಲಿದೆ. ಕೊಯ್ದ ಬೆಳೆಯನ್ನು ಬಿಸಿಲಿನಲ್ಲಿ ಒಣಗಿಸಿ, ಹುಡಿಯಾಗದಂತೆ ತೇವ ಕೊಟ್ಟು ರಾಶಿ ಹಾಕುತ್ತಾರೆ. ರಾಶಿ ಒಳಗೊಳಗೇ ಬಿಸಿಯಾಗುತ್ತದೆ. ಹಸಿ ಎಲೆಯ ಸಸಾರಜನಕ ಒಡೆಯುತ್ತದೆ, ಮೂಗಿಗೆ ಹೊಡೆಯುವ ಅಮೋನಿಯ ಹೊರಬೀಳುತ್ತದೆ, ಸಕ್ಕರೆಯೂ ಅಮೈನೋ ಆಮ್ಲವೂ ಕೂಡಿ ಕಂದುಬಣ್ಣ, ಹುರಿದ ಬಗೆಯ ವಾಸನೆ ಹುಟ್ಟುತ್ತವೆ. ಕಟು ಇಳಿದು ಎಲೆ ‘ಹಣ್ಣಾಗುತ್ತದೆ’. ಕಾದರೆ ರುಚಿ ಹೆಚ್ಚುವುದು ಇಲ್ಲಿ ಭ್ರಮೆಯಲ್ಲ. ಇದರ ಇನ್ನೊಂದು ಮುಖವನ್ನು ರಸಾಯನಶಾಸ್ತ್ರ ತೋರಿಸಿದ್ದು ಮಾತ್ರ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಹದ ಮಾಡುವಾಗ, ಕೂಡಿಡುವಾಗ ಸೂಕ್ಷ್ಮಜೀವಿಗಳ ಕೈಚಳಕದಿಂದ ನೈಟ್ರೋಸಮೈನ್‌ಗಳೆಂಬ ಸಂಯುಕ್ತಗಳೂ ಎಲೆಯಲ್ಲಿ ಹುಟ್ಟುತ್ತವೆ. ಅವು ಕ್ಯಾನ್ಸರ್ ತರುವಂಥವು. ನಾಲಿಗೆಗೆ ಮಾತ್ರ ಸುಳಿವೇ ಸಿಗುವುದಿಲ್ಲ.

ಕಾಯುವುದಕ್ಕೆ ಬಂಡವಾಳವೂ ಬೇಕು ಎಂಬುದನ್ನು ನಿಪ್ಪಾಣಿ ಬೇರೆ ಬಗೆಯಲ್ಲಿ ಕಲಿತಿತ್ತು. ಸೊಪ್ಪನ್ನು ವಖಾರಿಯಲ್ಲಿಟ್ಟು ಬೆಲೆಗಾಗಿ ಕಾಯಬಲ್ಲವನು ವ್ಯಾಪಾರಿ. ಸಾಲ ಹೊತ್ತ ರೈತನಿಗೆ ಆ ಪುರುಸೊತ್ತಿರಲಿಲ್ಲ. 1981ರಲ್ಲಿ ತಂಬಾಕಿನ ಬೆಲೆಗಾಗಿ ಶರದ್ ಜೋಶಿ ಮುಂತಾದವರ ನೇತೃತ್ವದಲ್ಲಿ ರೈತರು ಹೆದ್ದಾರಿಯಲ್ಲೇ ಬೀಡುಬಿಟ್ಟರು. ಏಪ್ರಿಲ್‌ನಲ್ಲಿ ಗೋಲಿಬಾರ್ ನಡೆದು ಜೀವಗಳು ಹೋದವು. ಹದದ ಲಾಭ ಬೆಳೆದವನ ಕೈಗೆ ಬಂದದ್ದು ಕಡಿಮೆ.

ಇನ್ನು ಸೀಸೆಯ ವಿಚಾರ. ಅದರಲ್ಲಿ ಎಲೆಯೂ ಇಲ್ಲ, ಹುಳಿಸುವ ಜೀವಾಣುವೂ ಇಲ್ಲ. ಆದ್ದರಿಂದ ನಿಪ್ಪಾಣಿಯ ರಾಶಿಯಂತೆ ಅದು ಹಣ್ಣಾಗುವುದಿಲ್ಲ. ಆದರೂ ಕಾಲ ಅಲ್ಲಿ ಸುಮ್ಮನೆ ಕೂರುವುದಿಲ್ಲ. ಗ್ಲಿಸರಿನ್ ಮಂದ ದ್ರವ, ಪರಿಮಳ ಅದರಲ್ಲಿ ಸಮನಾಗಿ ಹರಡಲು ಹೊತ್ತು ಬೇಕು. ಇದು ಚೆನ್ನಾಗಿ ಕುಲುಕಿದರೂ ಆಗುವ ಕೆಲಸ. ಮುಚ್ಚಳ ತೆರೆದಿಟ್ಟರೆ ಸತ್ತ್ವದಲ್ಲಿದ್ದ ಮದ್ಯಸಾರ ಆರಿಹೋಗಿ ಘಾಟು ತಗ್ಗುತ್ತದೆ. ಅದರೊಂದಿಗೆ ನವಿರಾದ ಹಣ್ಣಿನ ಪರಿಮಳವೂ ಹೊರಟುಹೋಗುತ್ತದೆ. ನಿಕೋಟಿನ್ ಗಾಳಿ ಸೋಕಿ ಕಂದಾಗುತ್ತದೆ. ಬಣ್ಣ ಗಾಢವಾದದ್ದನ್ನು ಕಂಡು ಹದ ಬಂತೆಂದು ಹಿಗ್ಗುವವರು ನೋಡುತ್ತಿರುವುದು ಬಹುಪಾಲು ಈ ಕಂದನ್ನೇ.

ಸೀಸೆಯಲ್ಲಿ ನಡೆಯುವ ನಿಜವಾದ ರಸಾಯನ ಇನ್ನೊಂದಿದೆ. ವೆನಿಲಾದ ಪರಿಮಳ ಕೊಡುವ ವ್ಯಾನಿಲಿನ್, ದಾಲ್ಚಿನ್ನಿಯ ಸಿನಮಾಲ್ಡಿಹೈಡ್ ಮುಂತಾದವು ಪ್ರೊಪಿಲಿನ್ ಗ್ಲೈಕಾಲಿನೊಂದಿಗೆ ಕೂಡಿ ಅಸಿಟಾಲ್‌ಗಳೆಂಬ ಹೊಸ ಸಂಯುಕ್ತಗಳಾಗುತ್ತವೆ. ಕೆಲವು ಮಿಶ್ರಣಗಳಲ್ಲಿ ಪರಿಮಳದ ಶೇಕಡಾ 40ಕ್ಕೂ ಹೆಚ್ಚು ಭಾಗ ಹೀಗೆ ರೂಪಾಂತರವಾಗುತ್ತದೆಂದು ಅಮೆರಿಕದ ಯೇಲ್, ಡ್ಯೂಕ್ ವಿಶ್ವವಿದ್ಯಾಲಯಗಳ ಸಂಶೋಧಕರು 2018ರಲ್ಲಿ ತೋರಿಸಿದರು. ರುಚಿ ಬದಲಾಯಿತೆಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಸೀಸೆಯಲ್ಲಿರುವ ವಸ್ತುವೇ ಬದಲಾಗಿರುತ್ತದೆ. ಆದರೆ ಈ ಅಸಿಟಾಲ್‌ಗಳು ಮೆಣಸಿನಕಾಯಿಯ ಖಾರವನ್ನು ಗುರುತಿಸುವ ನರದ ಗ್ರಾಹಕಗಳನ್ನೇ ಕೆರಳಿಸುತ್ತವೆಂದು ಅದೇ ಅಧ್ಯಯನ ಹೇಳಿತು. ಬ್ಯಾಡಗಿ ಮೆಣಸಿನಕಾಯಿಯ ಘಾಟು ಹಿಡಿದು ಕೆಮ್ಮಿದವರಿಗೆ ಈ ಮಾತಿನ ಅರ್ಥ ಬೇಗ ತಿಳಿದೀತು.

ಕೆನೆ, ಬೆಣ್ಣೆಯ ಪರಿಮಳದ ಕತೆ ಇದಕ್ಕಿಂತ ಕೆಟ್ಟದ್ದು. ಬೆಣ್ಣೆಯ ವಾಸನೆಗೆ ಬಳಸುವ ಡೈಅಸಿಟೈಲ್ ತಿನ್ನುವುದರಲ್ಲಿ ಬಹುಕಾಲದಿಂದ ಇದೆ. 2000ದಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಪಾಪ್‌ಕಾರ್ನ್ ಕಾರ್ಖಾನೆಯೊಂದರ ಕೆಲಸಗಾರರಲ್ಲಿ ಶ್ವಾಸನಾಳದ ಕಿರುಕವಲುಗಳು ಕಟ್ಟಿಕೊಳ್ಳುವ ವಾಸಿಯಾಗದ ರೋಗ ಕಾಣಿಸಿತು. ಅವರು ಅದನ್ನು ತಿಂದಿರಲಿಲ್ಲ, ಅದರ ಆವಿಯನ್ನು ಉಸಿರಾಡಿದ್ದರು. ಆಮೇಲೆ ಸತ್ತ್ವ ತಯಾರಕರಲ್ಲಿ ಹಲವರು ಡೈಅಸಿಟೈಲ್ ಬಿಟ್ಟು ಅಸಿಟೋಯಿನ್ ಹಾಕತೊಡಗಿದರು. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ವೇಪಿನ ದ್ರವದಲ್ಲಿ ಅಸಿಟೋಯಿನ್ ಇಟ್ಟಲ್ಲಿಯೇ ಮೆಲ್ಲಗೆ ಡೈಅಸಿಟೈಲ್ ಆಗುತ್ತದೆ. ನಿಕೋಟಿನ್ ತರುವ ಕ್ಷಾರಗುಣ ಅದಕ್ಕೆ ನೆರವಾಗುತ್ತದೆ. ಅಂದರೆ ತಿಂಗಳಿಟ್ಟ ಮೇಲೆ ಬೆಣ್ಣೆಯ ಸ್ವಾದ ಹೆಚ್ಚಿತು ಎನ್ನುವವನ ನಾಲಿಗೆ ಸರಿಯಾಗಿಯೇ ಹೇಳುತ್ತಿರಬಹುದು. ಹೆಚ್ಚಿದ್ದು ಯಾವುದು ಎಂಬುದನ್ನು ಮಾತ್ರ ನಾಲಿಗೆ ಹೇಳಲಾರದು.

ಹೊಟ್ಟೆಗೆ ಸಲ್ಲುವುದು ಶ್ವಾಸಕ್ಕೂ ಸಲ್ಲುತ್ತದೆಂಬ ಲೆಕ್ಕಾಚಾರ ಅದೇ 2019ರಲ್ಲಿ ದುಬಾರಿಯಾಯಿತು. ಅಮೆರಿಕದಲ್ಲಿ ಗಾಂಜಾ ಸತ್ತ್ವದ ಕಳ್ಳಪೇಟೆಯ ದ್ರವವನ್ನು ದಪ್ಪ ಮಾಡಲು ವಿಟಮಿನ್ ಇ ಅಸಿಟೇಟ್ ಬೆರೆಸಿದ್ದರು. ಗುಳಿಗೆಯಾಗಿ ನುಂಗುವ, ಚರ್ಮಕ್ಕೆ ಹಚ್ಚುವ ಸಾಧುವಸ್ತುವದು. ವೇಪಿನಿಂದ ಬಂದ ಶ್ವಾಸಕೋಶದ ಗಾಯಕ್ಕೆ ಪ್ರಬಲ ಕಾರಣವಾಗಿ ಕಂಡದ್ದು ಅದೇ. 2020ರ ಫೆಬ್ರುವರಿ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿದ ಅಥವಾ ಸತ್ತ ಪ್ರಕರಣಗಳು ದಾಖಲಾಗಿದ್ದವು, ಸತ್ತವರು 68.

ಕರ್ನಾಟಕ ಸರ್ಕಾರ ಇ-ಸಿಗರೇಟನ್ನು 2016ರಲ್ಲಿಯೇ ನಿಷೇಧಿಸಿತ್ತು. ಕೇಂದ್ರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಡಿಸೆಂಬರ್‌ನಲ್ಲಿ ಅದು ಕಾಯಿದೆಯಾಯಿತು. ತಯಾರಿಕೆ, ಸಾಗಣೆ, ಮಾರಾಟ, ಜಾಹೀರಾತುಗಳಿಗೆ ಮೊದಲ ಸಲ ಒಂದು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ದಾಸ್ತಾನು ಇಡುವುದಕ್ಕೂ ಆರು ತಿಂಗಳವರೆಗಿನ ಸೆರೆ ಇದೆ. ಬೀಡಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ನಿಪ್ಪಾಣಿಯ ರಾಶಿಗಳು ಅದರ ಹೊರಗೆಯೇ ಉಳಿದಿವೆ.