ಖಾಲಿ ತೋಟೆಯ ಕಥೆ

ನಮ್ಮ ಶಾಲೆಯ ಎನ್.ಸಿ.ಸಿ. ಮಕ್ಕಳು ಶಿಬಿರ ಮುಗಿಸಿ ಬಂದ ಮರುದಿನ ಪಾಠ ಮುಂದೆ ಹೋಗುವುದು ಕಷ್ಟ. ಗುಂಡು ಹೊಡೆದ ಸುದ್ದಿಯೇ ಸುದ್ದಿ! ಈ ಸಲ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಂದು ಪ್ರಶ್ನೆ ಹೊತ್ತು ತಂದಿದ್ದ.

"ಮಾಷ್ಟ್ರೇ, ಹೊಡೆದ ಮೇಲೆ ಖಾಲಿ ಖೋಕಾ ಎಲ್ಲ ಹೆಕ್ಕಿ ಲೆಕ್ಕ ಕೊಡಬೇಕು. ಅದಕ್ಕೆ ಪುನಃ ಮದ್ದು ತುಂಬಿಸ್ತಾರಾ?"

ತುಂಬಿಸುವುದಿಲ್ಲ, ಜೀವಂತ ಗುಂಡು ಒಂದೂ ಹೊರಗೆ ಹೋಗಿಲ್ಲ ಎಂದು ಖಾತ್ರಿಯಾಗಲು ಆ ಲೆಕ್ಕ ಎಂದೆವು. ಆದರೆ ಯಾಕೆ ತುಂಬಿಸುವುದಿಲ್ಲ ಎಂದು ಹೇಳಹೊರಟಾಗ ನಮ್ಮ ಬಾಯಿಂದ ಬಂದದ್ದು ಬರೀ ಇಂಗ್ಲಿಷ್ ಶಬ್ದಗಳು. ಹಿಂದಿನ ಬೆಂಚಿನಿಂದ ಒಂದು ದನಿ: "ಇದನ್ನೆಲ್ಲ ಕನ್ನಡದಲ್ಲಿ ಹೇಳ್ಲಿಕ್ಕೆ ಆಗುವುದಿಲ್ಲ, ಅಲ್ವಾ ಮಾಷ್ಟ್ರೇ?"

ಗಡಿಯ ಈಚೆ ಕನ್ನಡ ಶಾಲೆ ನಡೆಸುವ ನಮಗೆ ಚುಚ್ಚುವ ಮಾತು ಅದು. ಉತ್ತರ ಕೊಟ್ಟವಳು ಒಬ್ಬ ಹುಡುಗಿ. "ನಮ್ಮ ಅಜ್ಜ ಅದಕ್ಕೆ ತೋಟೆ ಅಂತಾರೆ" ಎಂದಳು. ಹೌದಲ್ಲ! ಹಂದಿ, ಮಂಗಗಳಿಂದ ತೋಟ ಕಾಯಲು ಕೋವಿ ಇಟ್ಟುಕೊಂಡ ನಮ್ಮ ಕಾಸರಗೋಡಿನ ಹಳೆಯ ಮನೆಗಳಲ್ಲಿ ಶಬ್ದಗಳೆಲ್ಲ ಇವೆ: ಕೋವಿ, ಮದ್ದು, ಕೇಪು, ಚರೆ, ಗುಂಡು, ತೋಟೆ. ಆ ಶಬ್ದಗಳನ್ನೇ ಹಿಡಿದು ಅಂದು ಹೇಳಿದ ಚರಿತ್ರೆಯನ್ನು ಇಲ್ಲಿ ಬರೆದಿದ್ದೇವೆ.

ಮೊದಲು ಇದ್ದದ್ದು ಕೇಪಿನ ಕೋವಿ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗುಂಡು ಹಾಕಿ, ಸಲಾಕೆಯಿಂದ ಜಡಿದು, ಹಿಂಬದಿಯ ಮೊಳೆಗೆ ಕೇಪು ಸಿಕ್ಕಿಸಬೇಕು. ಕುದುರೆ ಎಂದು ಕರೆಯುವ ಸುತ್ತಿಗೆ ಕೇಪಿಗೆ ಬಡಿದರೆ ಕಿಡಿ, ಕಿಡಿಗೆ ಮದ್ದು, ಮದ್ದಿಗೆ ಗುಂಡು. ತೋಟೆ ಎಂದರೆ ಈ ಮೂರನ್ನೂ ಒಂದೇ ಲೋಹದ ಕೊಳವೆಯಲ್ಲಿ ಸೇರಿಸಿದ್ದು.

ಮಕ್ಕಳು ಶಿಬಿರದಲ್ಲಿ ಹೊಡೆಯುವ .22 ತೋಟೆಯ ವಂಶ ಬಹಳ ಹಳೆಯದು. 1857ರಲ್ಲಿ, ನಮ್ಮ ದೇಶದಲ್ಲಿ ಕಾಗದದ ತೋಟೆಯ ಕೊಬ್ಬಿನ ಮಾತಿನಿಂದ ಸಿಪಾಯಿಗಳು ಸಿಡಿದೆದ್ದ ಅದೇ ವರ್ಷ, ಅಮೆರಿಕದ ಸ್ಮಿತ್ ಮತ್ತು ವೆಸನ್ ಕಂಪೆನಿ ಲೋಹದ .22 ತೋಟೆಯನ್ನು ಮಾರಾಟಕ್ಕೆ ತಂದಿತು. ಇಂದು ಹೆಚ್ಚು ಬಳಕೆಯಲ್ಲಿರುವ ಉದ್ದದ ರೂಪ 1887ರದ್ದು. ಇದರಲ್ಲಿ ಬೇರೆ ಕೇಪು ಇಲ್ಲ. ಕೊಳವೆಯ ಬುಡದಲ್ಲಿ ಮಡಚಿದ ಅಂಚಿನ ಒಳಗೇ ಕಿಡಿಯ ಮದ್ದು ತುಂಬಿರುತ್ತದೆ. ಕೋವಿಯ ಸೂಜಿ ಆ ಅಂಚನ್ನು ಜಜ್ಜುತ್ತದೆ. ಜಜ್ಜಿದ ಅಂಚು ಮರಳಿ ಸರಿಯಾಗುವುದಿಲ್ಲ. ಆದ್ದರಿಂದ ಅದನ್ನು ಮರುತುಂಬುವುದಿಲ್ಲ.

1866ರಲ್ಲಿ ಬೇರೆ ದಾರಿ ತೆರೆಯಿತು. ಕೊಳವೆಯ ಬುಡದ ನಡುವೆ ಕುಳಿ ಮಾಡಿ, ಅದರಲ್ಲಿ ಬೇರೆಯೇ ಆದ ಕೇಪನ್ನು ಕೂರಿಸುವ ದಾರಿ. ಕೇಪು ಸಿಡಿಯಬೇಕಾದರೆ ಕೆಳಗೆ ಗಟ್ಟಿಯಾದ ಅಡಿಗಲ್ಲು ಬೇಕು, ಕಮ್ಮಾರನ ಕುಲುಮೆಯಲ್ಲಿ ಇರುವ ಹಾಗೆ. ಅಮೆರಿಕದ ಹೈರಮ್ ಬರ್ಡನ್ ಆ ಅಡಿಗಲ್ಲನ್ನು ಕೊಳವೆಯ ಭಾಗವಾಗಿಯೇ ಮಾಡಿದ. ಇಂಗ್ಲೆಂಡಿನ ವೂಲಿಚ್ ಶಸ್ತ್ರಾಗಾರದ ಎಡ್ವರ್ಡ್ ಬಾಕ್ಸರ್ ಅದನ್ನು ಕೇಪಿನ ಒಳಗೇ ಇಟ್ಟ. ಬಾಕ್ಸರನ ಬಗೆಯಲ್ಲಿ ಕುಳಿಯ ನಡುವೆ ಒಂದೇ ತೂತು. ಸುಟ್ಟ ಕೇಪನ್ನು ಒಳಗಿನಿಂದ ಕಡ್ಡಿ ತೂರಿಸಿ ತಳ್ಳಿದರೆ ಆಯಿತು. ಬರ್ಡನ್ನನ ಬಗೆಯಲ್ಲಿ ತೂತುಗಳು ಪಕ್ಕದಲ್ಲಿ, ಕಡ್ಡಿ ತೂರುವುದಿಲ್ಲ.

ಚೋದ್ಯ ನೋಡಿ! ಇಂಗ್ಲಿಷಿನವನ ಕೇಪು ಅಮೆರಿಕದಲ್ಲಿ ನೆಲೆಯೂರಿತು, ಅಮೆರಿಕದವನ ಕೇಪು ಯೂರೋಪಿನಲ್ಲಿ. ಮನೆಯಲ್ಲೇ ತೋಟೆ ತುಂಬುವ ರೂಢಿ ಅಮೆರಿಕದಲ್ಲಿ ಅಷ್ಟು ಹಬ್ಬಲು ಆ ಒಂದು ತೂತಿನ ಜಾಗವೂ ಒಂದು ಕಾರಣ.

ಇನ್ನೊಂದು ಕಾರಣ ದೂರ ಮತ್ತು ಖರ್ಚು. 1870ರ ದಶಕದಲ್ಲಿ ಅಲ್ಲಿನ ಬಯಲುಗಳಲ್ಲಿ ಕಾಡೆಮ್ಮೆ ಬೇಟೆಗಾರರು ಪೇಟೆಯಿಂದ ಬಹು ದೂರ ಇರುತ್ತಿದ್ದರು. ತೋಟೆಯಲ್ಲಿ ಹೆಚ್ಚು ಬೆಲೆಯದ್ದು ಹಿತ್ತಾಳೆ ಕೊಳವೆ. ಅದನ್ನು ಉಳಿಸಿಕೊಂಡು, ಬಿಡಾರದಲ್ಲಿ ಸೀಸ ಕರಗಿಸಿ ಗುಂಡು ಎರಕ ಹೊಯ್ದು ಮರುತುಂಬುತ್ತಿದ್ದರು. (ಆ ಬೇಟೆಯಿಂದ ಕಾಡೆಮ್ಮೆಗಳ ಸಂತತಿಯೇ ಅಳಿವಿನ ಅಂಚಿಗೆ ಹೋಯಿತೆಂಬುದನ್ನೂ ಮಕ್ಕಳಿಗೆ ಹೇಳಿದೆವು.) 1884ರಲ್ಲಿ ಕನೆಕ್ಟಿಕಟ್‌ನ ಜಾನ್ ಬಾರ್ಲೋ ಇಕ್ಕಳದ ಆಕಾರದ ಸಲಕರಣೆಗಳ ಕಂಪೆನಿ ತೆರೆದ. ಕೈಯಲ್ಲಿ ಹಿಡಿಯುವ ಆ ಇಕ್ಕಳದಿಂದಲೇ ಎಷ್ಟೋ ಜನ ಈ ಕೆಲಸ ಆರಂಭಿಸಿದರು.

ಅದೇ 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದು ಕಂಡುಹಿಡಿದ. ಕರಿಮದ್ದನ್ನು ಕೊಳವೆ ತುಂಬ ಸುರಿಯುವುದೇ ವಾಡಿಕೆಯಾಗಿತ್ತು. ಹೊಸ ಮದ್ದಿನ ಬಲ ಬಹಳ ಹೆಚ್ಚು, ತೂಕದಲ್ಲಿ ತಪ್ಪಿದರೆ ಕೋವಿಯೇ ಸಿಡಿದು ಹೊಡೆದವನ ಕಣ್ಣು, ಕೈ ಹೋಗಬಹುದು. ತಕ್ಕಡಿ ಮತ್ತು ಅಚ್ಚಾದ ಪಟ್ಟಿ ಇಲ್ಲದೆ ಮುಟ್ಟಬಾರದ ವಿದ್ಯೆಯಾಯಿತು ಇದು.

ಹೊಗೆಯಿಲ್ಲದ ಮದ್ದಿನಿಂದಲೇ ಸಣ್ಣ ಗುಂಡಿಗೆ ದೊಡ್ಡ ವೇಗ ಬಂತು. ಅಮೆರಿಕದ ಹವ್ಯಾಸಿಗಳು ಹಳೆಯ ಕರಿಮದ್ದಿನ .22 ಕೊಳವೆಯೊಂದಕ್ಕೆ ಹೊಸ ಮದ್ದು ತುಂಬಿ ಪ್ರಯೋಗ ಮಾಡಿದರು. ಅದೇ 'ಹಾರ್ನೆಟ್', ಅಂದರೆ ಕಣಜ. 1930ರಲ್ಲಿ ವಿಂಚೆಸ್ಟರ್ ಕಂಪೆನಿ ಅದನ್ನು ಮಾರಾಟಕ್ಕೆ ತಂದಿತು. ಇದು ನಡುವೆ ಕೇಪಿರುವ ತೋಟೆ, ಮರುತುಂಬಬಹುದು. ಆದರೆ ಅಂಥ ವೇಗದಲ್ಲಿ ಬರೀ ಸೀಸ ನಳಿಗೆಗೆ ಮೆತ್ತಿಕೊಳ್ಳುತ್ತದೆ, ಗುಂಡಿಗೆ ತಾಮ್ರದಂಥ ಹೊದಿಕೆ ಬೇಕು.

ಎರಡನೆಯ ಮಹಾಯುದ್ಧ ಬಂತು, ತಾಮ್ರವೆಲ್ಲ ಯುದ್ಧಕ್ಕೆ ಹೋಯಿತು. ಹವ್ಯಾಸಿಗಳಿಗೆ ಹೊದಿಕೆಯ ಗುಂಡು ಸಿಗದಾಯಿತು. ಆಗ ಕ್ಯಾಲಿಫೋರ್ನಿಯಾದ ಒರೊವಿಲ್ ಊರಿನ ಫ್ರೆಡ್ ಹಂಟಿಂಗ್‌ಟನ್ ಮಾಡಿದ್ದೇನು ಗೊತ್ತೇ? ಯಾರಿಗೂ ಬೇಡವೆಂದು ಬಿಸಾಡಿದ, ಅಂಚು ಜಜ್ಜಿದ .22 ಖಾಲಿ ತೋಟೆಗಳನ್ನು ತೆಗೆದುಕೊಂಡ. ಅಚ್ಚಿನಲ್ಲಿ ಒತ್ತಿ ಅಂಚನ್ನು ನೇರ ಮಾಡಿ, ಒಳಗೆ ಸೀಸ ತುಂಬಿ, ಮತ್ತೆ ಒತ್ತಿ ಹೊದಿಕೆಯ ಗುಂಡು ಮಾಡಿದ. 1943ರಲ್ಲಿ ಶುರುವಾದ ಅವನ ಆರ್.ಸಿ.ಬಿ.ಎಸ್. ಕಂಪೆನಿಯ ಹೆಸರೇ ಆ ಅಚ್ಚಿನದು.

ಅಂದರೆ ತೋಟೆಯಾಗಿ ಮತ್ತೆ ಹುಟ್ಟಲಾರದ ಕೊಳವೆ ಗುಂಡಾಗಿ ಹುಟ್ಟಿತು. ಹುಡುಗನ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ ಎಂದು ಚರಿತ್ರೆಯೇ ಹೇಳಿತು!

ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಲೈಸನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಎಲ್ಲಿಯಾದರೂ ಹಳೆಯ ತೋಟೆ ಸಿಕ್ಕಿದರೆ ಮುಟ್ಟದೆ ಹಿರಿಯರಿಗೆ ಹೇಳಬೇಕು ಎಂದು ಮಕ್ಕಳಿಂದ ಮೂರು ಸಲ ಹೇಳಿಸಿದೆವು.

ಪಾಠ ಮುಗಿದಾಗ ಕಪ್ಪುಹಲಗೆಯ ಮೇಲೆ ತೋಟೆಯ ಚಿತ್ರವಿತ್ತು, ಪ್ರತಿ ಭಾಗಕ್ಕೂ ಕನ್ನಡದ ಹೆಸರಿತ್ತು. ಒಂದು ಜಾಗ ಮಾತ್ರ ಖಾಲಿ: ಕೇಪು ಕೂರುವ ಕುಳಿಗೆ ಏನೆನ್ನುತ್ತಾರೆ? ನಾಳೆ ಅಜ್ಜನನ್ನು ಕೇಳಿಕೊಂಡು ಬರುತ್ತೇನೆ ಎಂದಿದ್ದಾಳೆ ಆ ಹುಡುಗಿ. ನಾವೂ ಕಾಯುತ್ತಿದ್ದೇವೆ.